ಹೆಣ್ಣುಮಕ್ಕಳು ಮತ್ತು ಜೈಲು: ನಮ್ಮ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯಲ್ಲಿ ವಕೀಲಿಕೆ ಮಾಡುತ್ತೇನೆ. ಕಾನೂನು ಅರಿವು ಕಾರ್ಯಕ್ರಮ ಅಂತ ಕುಂದಗೋಳ, ನವಲಗುಂದ, ಮುಂಡರಗಿ, ಶಿಗ್ಗಾವಿ ಎಲ್ಲ ಸುತ್ತಿದ್ದೇನೆ. ಭಾಷಣ ಮುಗಿಯುವವರೆಗೆ ಯಾರೂ ಬಾಯಿ ಬಿಡುವುದಿಲ್ಲ. ಚಹಾ ಕೊಡುವ ಹೊತ್ತಿಗೆ ಒಬ್ಬೊಬ್ಬರೇ ಪಕ್ಕಕ್ಕೆ ಬಂದು, ಸೆರಗು ಬಾಯಿಗೆ ಹಿಡಿದು, "ಅಕ್ಕಾರ, ಒಂದ್ ಮಾತ್ ಕೇಳ್ತೀನ್ರೀ" ಅನ್ನುತ್ತಾರೆ. ಹಾಗೆ ಕೇಳಿದ ಪ್ರಶ್ನೆಗಳೇ ಇಲ್ಲಿವೆ. ಕೆಲವಕ್ಕೆ ಉತ್ತರ ಉದ್ದ ಆಗಿದೆ, ಕೆಲವಕ್ಕೆ ಎರಡೇ ಸಾಲು ಸಾಕಾಯಿತು.

ಜೈಲಿನಲ್ಲಿ ಹೆಂಗಸರು ಜಾಸ್ತಿ ಆಗಿದ್ದಾರೆ ಅಂತಾರೆ. ನಿಜಾನಾ, ಸುಮ್ನೆ ಟಿವಿಯವರ ಮಾತಾ?

ನಿಜ. ನಮ್ಮ ದೇಶದ ಜೈಲುಗಳಲ್ಲಿ 2000ರ ಹೊತ್ತಿಗೆ ಸುಮಾರು 9,000 ಹೆಣ್ಣುಮಕ್ಕಳಿದ್ದರು. 2022ರ ಕೊನೆಗೆ 23,772 ಆದರು. ಅಂದರೆ ಎರಡೂವರೆ ಪಟ್ಟು. ಗಂಡಸರು, ಹೆಂಗಸರು ಎಲ್ಲ ಸೇರಿದ ಲೆಕ್ಕ ಅದೇ ಅವಧಿಯಲ್ಲಿ ಸುಮಾರು ಎರಡು ಪಟ್ಟಾಗಿ 5,73,220ಕ್ಕೆ ಮುಟ್ಟಿದೆ. ಎಲ್ಲರೂ ಹೆಚ್ಚಾಗಿದ್ದಾರೆ, ಹೆಂಗಸರು ಇನ್ನೂ ಬೇಗ ಹೆಚ್ಚಾಗಿದ್ದಾರೆ.

ಹಾಗಂತ ಜೈಲು ತುಂಬ ಹೆಂಗಸರೇ ಇದ್ದಾರೆ ಅಂದುಕೊಳ್ಳಬೇಡಿ. ನೂರು ಕೈದಿಗಳಲ್ಲಿ ನಾಲ್ವರು ಹೆಣ್ಣುಮಕ್ಕಳು, ಅಷ್ಟೇ. ಈ ನಾಲ್ಕು ಅನ್ನುವ ಅಂಕಿಯೇ ಅವರ ಪಾಲಿಗೆ ಶಾಪ ಆಗಿದೆ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಕಡಿಮೆ ಇದ್ದಾರೆ ಅಂತ ಯಾರೂ ಅವರ ಕಡೆ ತಿರುಗಿ ನೋಡುವುದಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರಾನಾ?

ಅಲ್ಲ. 2022ರಲ್ಲಿ ಲಂಡನ್ನಿನ ಸಂಶೋಧಕರು ಎಲ್ಲ ದೇಶಗಳ ಲೆಕ್ಕ ಕೂಡಿಸಿದಾಗ, ಪ್ರಪಂಚದಲ್ಲಿ 7.4 ಲಕ್ಷಕ್ಕೂ ಜಾಸ್ತಿ ಹೆಣ್ಣುಮಕ್ಕಳು ಜೈಲಿನಲ್ಲಿದ್ದರು. 2000ದಿಂದ ಈಚೆಗೆ ಹೆಂಗಸರ ಸಂಖ್ಯೆ ಶೇಕಡಾ 60ರ ಹತ್ತಿರ ಏರಿದೆ, ಗಂಡಸರದ್ದು ಶೇಕಡಾ 22ರಷ್ಟು ಮಾತ್ರ. ಆ ಲೆಕ್ಕದಲ್ಲಿ ಅಮೆರಿಕ ಒಂದೇ ದೇಶದಲ್ಲಿ ಎರಡು ಲಕ್ಷದ ಮೇಲೆ ಇದ್ದರು. ಅಲ್ಲಿ 1980ರಲ್ಲಿ ಇದ್ದವರು ಸುಮಾರು 26,000. 2019ಕ್ಕೆ 2.2 ಲಕ್ಷ ದಾಟಿದರು. ನಲವತ್ತು ವರ್ಷದಲ್ಲಿ ಎಂಟು ಪಟ್ಟು.

ಹಂಗಾದ್ರ ಹೆಣ್ಣುಮಕ್ಕಳು ಕೆಟ್ಟುಹೋದ್ರು ಅಂತಾನೇ ಅರ್ಥ, ಅಲ್ರೀ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಹಿರಿಯ ಗಂಡಸರು. ಒಮ್ಮೆ ಒಬ್ಬ ಅಜ್ಜಾರು "ಮೊಬೈಲ್ ಬಂದ ಮ್ಯಾಲೆ ಹಿಂಗಾತು" ಅಂತ ತೀರ್ಪು ಕೊಟ್ಟೇಬಿಟ್ಟರು. ಅಮೆರಿಕದಲ್ಲಿ 1980ರಲ್ಲಿ ಮೊಬೈಲ್ ಎಲ್ಲಿತ್ತು ಅಜ್ಜಾರ?

ಅಲ್ಲಿ ಆಗಿದ್ದೇ ಬೇರೆ. 1986ರಲ್ಲಿ ಮಾದಕ ವಸ್ತುವಿನ ಮೇಲೆ ಒಂದು ಕಾನೂನು ತಂದರು. ಕ್ರ್ಯಾಕ್ ಅನ್ನುವ ಕೊಕೇನ್ ಐದು ಗ್ರಾಂ ಸಿಕ್ಕರೂ ಕನಿಷ್ಠ ಐದು ವರ್ಷ ಜೈಲು, ಜಡ್ಜ್‌ಗೆ ಕರುಣೆ ಬಂದರೂ ಕಡಿಮೆ ಮಾಡುವ ಹಾಗಿಲ್ಲ. ದಂಧೆ ಮಾಡುವ ಗಂಡಸಿನ ಜೊತೆ ಒಂದೇ ಮನೆಯಲ್ಲಿದ್ದವಳು, ಅವನಿಗೆ ಬಂದ ಫೋನ್ ಎತ್ತಿದವಳು, ಅವನ ದುಡ್ಡು ಬ್ಯಾಂಕಿಗೆ ಹಾಕಿದವಳು, ಎಲ್ಲರೂ 'ಸಂಚಿನಲ್ಲಿ ಭಾಗಿ' ಆದರು. ದೊಡ್ಡ ಕುಳಗಳ ಹತ್ತಿರ ಪೊಲೀಸರಿಗೆ ಹೇಳಲು ಹತ್ತು ಹೆಸರಿರುತ್ತವೆ, ಹೇಳಿ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುತ್ತಾರೆ. ಇವಳಿಗೆ ಗೊತ್ತಿರುವುದು ಗಂಡನ ಹೆಸರೊಂದೇ. ಹೀಗಾಗಿ ಕಡಿಮೆ ಮಾಡಿದವಳಿಗೆ ಜಾಸ್ತಿ ಶಿಕ್ಷೆ ಆದದ್ದೂ ಉಂಟು.

ಥಾಯ್ಲೆಂಡಿನದ್ದೂ ಇದೇ ದಾರಿ. ಅಲ್ಲಿ ಕೈದಿಗಳಲ್ಲಿ ಹತ್ತಕ್ಕೆ ಒಬ್ಬರಿಗಿಂತ ಜಾಸ್ತಿ ಹೆಂಗಸರು, ಅವರಲ್ಲಿ ಬಹಳಷ್ಟು ಮಂದಿ 'ಯಾಬಾ' ಅನ್ನುವ ಮಾತ್ರೆಯ ಕೇಸಿನವರು. ತಮಾಷೆ ನೋಡಿ, ಮಹಿಳಾ ಕೈದಿಗಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ವಿಶ್ವಸಂಸ್ಥೆ 2010ರಲ್ಲಿ ಒಪ್ಪಿದ ನಿಯಮಗಳಿಗೆ ಇರುವ ಹೆಸರು 'ಬ್ಯಾಂಕಾಕ್ ನಿಯಮಗಳು'. ಅದನ್ನು ಮುಂದೆ ನಿಂತು ಮಾಡಿಸಿದ ದೇಶವೂ ಅದೇ.

ಹೆಣ್ಣಿನ ಗುಣ ಬದಲಾಯಿತು ಅನ್ನುವುದಕ್ಕಿಂತ ಬಲೆಯ ಕಣ್ಣು ಸಣ್ಣದಾಯಿತು ಅನ್ನುವುದು ಸರಿ. ಮೊದಲು ತಪ್ಪಿಸಿಕೊಂಡು ಹೋಗುತ್ತಿದ್ದ ಸಣ್ಣ ಮೀನೂ ಈಗ ಸಿಕ್ಕಿಬೀಳುತ್ತಿದೆ.

ನಮ್ಮ ದೇಶದಲ್ಲಿ ಯಾವ ಕೇಸಿನಲ್ಲಿ ಒಳಗೆ ಹೋಗುತ್ತಾರೆ?

ಶಿಕ್ಷೆಯಾದ ಹೆಣ್ಣುಮಕ್ಕಳಲ್ಲಿ ಮೊದಲ ಸ್ಥಾನ ಕೊಲೆ ಕೇಸಿನವರದ್ದು. ಅದರ ನಂತರ ವರದಕ್ಷಿಣೆ ಸಾವಿನ ಕೇಸು. ಆಮೇಲೆ ಗಾಂಜಾ, ಕಳವು, ಮಾನವ ಸಾಗಣೆ, ವಂಚನೆ ಹೀಗೆ.

ಕೊಲೆ ಅಂದ ತಕ್ಷಣ ಕತ್ತಿ ಹಿಡಿದ ಹೆಂಗಸು ಕಣ್ಣಮುಂದೆ ಬರುತ್ತಾಳೆ, ಅಲ್ವಾ? ನಾನು ನೋಡಿದ ಕೇಸುಗಳಲ್ಲಿ ಆರೋಪ ಹೆಚ್ಚಾಗಿ ಮನೆಯೊಳಗಿನದ್ದೇ. ಹೊಲದ ಬದುವಿನ ಜಗಳಕ್ಕೆ ಮನೆಯ ಗಂಡಸರ ಹಿಂದೆ ಓಡಿದವಳು, ಕುಡಿದು ಬಂದು ದಿನಾ ಬಡಿಯುವ ಗಂಡನನ್ನು ಒಂದು ದಿನ ತಿರುಗಿ ಹೊಡೆದವಳು. ನಿಜವಾಗಿ ಲೆಕ್ಕ ಹಾಕಿ ಕೊಂದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಹತ್ತು ಜನರ ಮೇಲೆ ಒಂದೇ ಎಫ್‌ಐಆರ್ ಆದಾಗ ಕೊನೆಯ ಮೂರು ಹೆಸರು ಮನೆಯ ಹೆಂಗಸರದ್ದಾಗಿರುವುದು ನಮ್ಮ ಕಡೆ ದಿನನಿತ್ಯದ ಮಾತು.

ವರದಕ್ಷಿಣೆ ಕಾನೂನಿನಿಂದ ಪಾಪದ ಅತ್ತೆಯಂದಿರು ಜೈಲಿಗೆ ಹೋಗ್ತಾರೆ ಅಂತಾರಲ್ಲ?

ಇದಕ್ಕೆ ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು.

ಸೊಸೆಯಂದಿರು ಸೀಮೆಎಣ್ಣೆ ಸ್ಟೋವಿಗೆ ಆಹುತಿ ಆಗುತ್ತಿದ್ದ ಕಾಲ ಅದು. 1983ರಲ್ಲಿ ಗಂಡನ ಮನೆಯವರ ಹಿಂಸೆಗೆ ಶಿಕ್ಷೆ ಕೊಡುವ 498ಎ ಕಲಂ ಬಂತು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಬಂತು. ಈಗ ಹೊಸ ನ್ಯಾಯ ಸಂಹಿತೆಯಲ್ಲಿ ಅವು 85 ಮತ್ತು 80 ಆಗಿವೆ, ಆದರೆ ಕೋರ್ಟಿನ ಕಟ್ಟೆಯ ಮೇಲೆ ಇವತ್ತಿಗೂ ಎಲ್ಲರೂ ಹಳೇ ನಂಬರೇ ಹೇಳುತ್ತಾರೆ. ಮದುವೆಯಾಗಿ ಏಳು ವರ್ಷದೊಳಗೆ ಸೊಸೆ ಅಸಹಜವಾಗಿ ಸತ್ತರೆ, ಸಾಯುವ ಮುಂಚೆ ವರದಕ್ಷಿಣೆಗೆ ಕಾಡಿದ್ದರು ಅಂತ ತೋರಿಸಿದರೆ ಸಾಕು, ಕೋರ್ಟು ಅದನ್ನು ವರದಕ್ಷಿಣೆ ಸಾವು ಅಂತಲೇ ಹಿಡಿಯಬೇಕು. ನಾವು ಮಾಡಿಲ್ಲ ಅಂತ ತೋರಿಸುವ ಹೊಣೆ ಗಂಡನ ಮನೆಯವರದ್ದು. ಕನಿಷ್ಠ ಏಳು ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಹೆಣ್ಣನ್ನು ಉಳಿಸಲು ತಂದ ಕಾನೂನು, ಇನ್ನೊಬ್ಬ ಹೆಣ್ಣನ್ನು ಜೈಲಿಗೆ ಕಳಿಸುವ ದೊಡ್ಡ ಕಾರಣಗಳಲ್ಲಿ ಒಂದಾಯಿತು. ಆ ಕಾನೂನು ಬೇಡ ಅಂತ ನಾನು ಹೇಳುವುದಿಲ್ಲ. ಶವಾಗಾರದ ಮುಂದೆ ಮಗಳಿಗಾಗಿ ಕಾದು ಕುಳಿತ ತಂದೆಯಂದಿರನ್ನು ನೋಡಿದ್ದೇನೆ.

498ಎ ಒಂದೇ ಇದ್ದರೆ ಈಗ ಸುಮ್ನೆ ಹಿಡಿದುಕೊಂಡು ಹೋಗುವ ಹಾಗಿಲ್ಲ. ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಬಂಧನ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೆಯಬೇಕು, ಮೊದಲು ನೋಟಿಸ್ ಕೊಟ್ಟು ಕರೆಯಬೇಕು ಅಂತ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಠಾಣೆಯಿಂದ ನೋಟಿಸ್ ಬಂದರೆ ಹೆದರಿ ಊರು ಬಿಡಬೇಡಿ. ಹೋಗಿ ಹಾಜರಾಗಿ. ಓಡಿಹೋದರೆ ಬಂಧನಕ್ಕೆ ನೀವೇ ಕಾರಣ ಕೊಟ್ಟ ಹಾಗೆ.

ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ಕಟ್ಟದಿದ್ದರೆ ಜೈಲಿಗೆ ಹಾಕ್ತಾರಾ?

ಹಾವೇರಿ ಜಿಲ್ಲೆಯಲ್ಲಿ ಎಲ್ಲಿ ಹೋದರೂ ಮೊದಲ ಪ್ರಶ್ನೆ ಇದೇ. ವಸೂಲಿಯವರ ಕಾಟ ತಡೆಯಲಾರದೆ 2025ರ ಜನವರಿಯಲ್ಲಿ ಆ ಜಿಲ್ಲೆಯ ಹೆಣ್ಣುಮಕ್ಕಳು ಮಾಂಗಲ್ಯದ ದಾರವನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದ್ದು ನೆನಪಿದೆಯಲ್ಲ.

ಸಾಲ ಕಟ್ಟಲು ಆಗದಿದ್ದುದಕ್ಕೆ ಜೈಲಿಲ್ಲ. ಅದು ಸಿವಿಲ್ ವ್ಯಾಜ್ಯ. ಹಣ ವಸೂಲಿಯ ಡಿಕ್ರಿ ಆದರೂ ಹೆಣ್ಣುಮಗಳನ್ನು ಅದಕ್ಕಾಗಿ ಸಿವಿಲ್ ಜೈಲಿಗೆ ಹಾಕುವ ಹಾಗಿಲ್ಲ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮಿನಲ್ಲೇ ಬರೆದಿದೆ. 1908ರ ಕಾನೂನು ಅದು. ಇಷ್ಟು ವರ್ಷ ಆದರೂ ಈ ಒಂದು ಸಾಲು ನಮ್ಮ ಹಳ್ಳಿಗಳಿಗೆ ಮುಟ್ಟಿಲ್ಲ.

ಎರಡು ಕಡೆ ಹುಷಾರು. ಸಹಿ ಮಾಡಿದ ಖಾಲಿ ಚೆಕ್ ಕೊಡಬೇಡಿ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸು, ಎರಡು ವರ್ಷದವರೆಗೆ ಶಿಕ್ಷೆ ಇದೆ. ಬೇರೆಯವರ ಸಾಲಕ್ಕೆ ನಿಮ್ಮ ಆಧಾರ್ ಕೊಡಬೇಡಿ. ಒಬ್ಬಳ ಹೆಸರಲ್ಲಿ ಇನ್ನೊಬ್ಬಳು ಎತ್ತಿದ ಸಾಲ ವಂಚನೆಯ ಕೇಸಾಗಿ ತಿರುಗಿದರೆ ಇಬ್ಬರೂ ಅಲೆಯುತ್ತೀರಿ.

ರಾತ್ರಿ ಹೊತ್ತು ಹೆಂಗಸರನ್ನು ಹಿಡಿದುಕೊಂಡು ಹೋಗಬಹುದಾ?

ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಇಲ್ಲ. ತೀರಾ ಅನಿವಾರ್ಯ ಅಂದರೆ ಮಹಿಳಾ ಪೊಲೀಸ್ ಅಧಿಕಾರಿ ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ತೆಗೆದುಕೊಂಡು ಬರಬೇಕು.

ಹೆಂಗಸರಿಗೆ ಜಾಮೀನು ಬೇಗ ಸಿಗುತ್ತೆ ಅಲ್ವಾ?

ಪುಸ್ತಕದಲ್ಲಿ ಹಾಗೇ ಇದೆ. ಮರಣದಂಡನೆ, ಜೀವಾವಧಿಯಂಥ ಕೇಸಿದ್ದರೂ ಆರೋಪಿ ಹೆಣ್ಣಾಗಿದ್ದರೆ ಜಾಮೀನು 'ಕೊಡಬಹುದು' ಅಂತ ಕಾನೂನು ಹೇಳುತ್ತದೆ. ಅಲ್ಲಿರುವುದು 'ಕೊಡಬಹುದು', 'ಕೊಡಲೇಬೇಕು' ಅಲ್ಲ. ಆ ಒಂದು ಪದದ ಮೇಲೆ ಎಷ್ಟು ವಾದ ನಡೆದಿದೆ ಅಂದರೆ, ದೆಹಲಿ ಮದ್ಯ ನೀತಿ ಕೇಸಿನಲ್ಲಿ ತೆಲಂಗಾಣದ ಕವಿತಾ ಅವರ ಜಾಮೀನು ಅರ್ಜಿ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗಲೂ ಅದೇ ಚರ್ಚೆ. ಓದಿದವಳು, ರಾಜಕಾರಣಿ, ಹಾಗಾಗಿ ಇವಳಿಗೆ ಈ ರಿಯಾಯಿತಿ ಇಲ್ಲ ಅಂತ ದೆಹಲಿ ಹೈಕೋರ್ಟ್ ಅಂದಿತ್ತು. ಹಾಗೆ ಓದುವುದು ತಪ್ಪು ಅಂತ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. ಅವರ ಪರ ದೇಶದ ದೊಡ್ಡ ದೊಡ್ಡ ವಕೀಲರಿದ್ದರು. ಕೇಸಿಗೆ ಒಬ್ಬ ವಕೀಲರನ್ನು ಹಿಡಿಯುವುದೇ ಕಷ್ಟ ಅನ್ನುವವಳ ಗತಿ ಏನು ನೀವೇ ಯೋಚಿಸಿ.

ಗಾಂಜಾ ಪ್ರಮಾಣ ಜಾಸ್ತಿ ಇದ್ದರಂತೂ 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 37ನೇ ಕಲಂ ಅಡ್ಡ ಬರುತ್ತದೆ. ಇವಳು ತಪ್ಪು ಮಾಡಿರಲಿಕ್ಕಿಲ್ಲ ಅಂತ ಕೋರ್ಟಿಗೆ ಮೊದಲೇ ಅನಿಸಬೇಕು, ಆಮೇಲಷ್ಟೇ ಜಾಮೀನು.

ಇನ್ನೊಂದು ಮಾತಿದೆ, ಇದನ್ನು ಯಾರೂ ಹೆಚ್ಚು ಹೇಳುವುದಿಲ್ಲ. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗಿರದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ ಬಿಡಬೇಕು ಅಂತ ಇದೆ. ಮೊದಲು ಅರ್ಧ ಇತ್ತು. ಒಳ್ಳೆಯದೇ. ಆದರೆ ಜೀವಾವಧಿ ಶಿಕ್ಷೆ ಆಗಬಹುದಾದ ಕೇಸುಗಳಿಗೆ ಇದು ಸಿಗುವುದಿಲ್ಲ. ಹಳೇ ಕಾನೂನಿನಲ್ಲಿ ಹೊರಗೆ ಇಟ್ಟಿದ್ದು ಮರಣದಂಡನೆಯ ಕೇಸುಗಳನ್ನು ಮಾತ್ರ. ಕೊಲೆ, ವರದಕ್ಷಿಣೆ ಸಾವು ಎರಡಕ್ಕೂ ಜೀವಾವಧಿ ಇದೆ. ಹೆಣ್ಣುಮಕ್ಕಳು ಹೆಚ್ಚಾಗಿ ಸಿಕ್ಕಿಬೀಳುವ ಎರಡು ಕೇಸೂ ಈ ಬಾಗಿಲಿನಿಂದ ಆಚೆಗೇ ಉಳಿದವು.

ಜಾಮೀನು ಆರ್ಡರ್ ಆದ ಮೇಲೂ ಯಾಕೆ ಒಳಗೇ ಇರುತ್ತಾರೆ?

ಇದೇ ನನ್ನ ಪ್ರಕಾರ ಮುಖ್ಯ ಪ್ರಶ್ನೆ.

ಜೈಲಿನಲ್ಲಿರುವ ಪ್ರತಿ ನಾಲ್ವರು ಹೆಂಗಸರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ತಪ್ಪು ಮಾಡಿದ್ದಾರೆ ಅಂತ ಯಾವ ಕೋರ್ಟೂ ಇನ್ನೂ ಹೇಳಿಲ್ಲ. ಇವರಲ್ಲಿ ಕೆಲವರಿಗೆ ಜಾಮೀನು ಸಿಕ್ಕಿರುತ್ತದೆ, ಹೊರಗೆ ಬರಲು ಆಗಿರುವುದಿಲ್ಲ. ಯಾಕೆಂದರೆ ಆರ್ಡರ್‌ನಲ್ಲಿ "50,000 ರೂಪಾಯಿ ಬಾಂಡ್ ಮತ್ತು ಅಷ್ಟೇ ಮೊತ್ತದ ಒಬ್ಬ ಜಾಮೀನುದಾರ" ಅಂತ ಇರುತ್ತದೆ. ದುಡ್ಡು ಕಟ್ಟಬೇಕಿಲ್ಲ. ಹೊಲದ ಉತಾರವೋ ಮನೆಯ ಕಾಗದವೋ ಇರುವ ಒಬ್ಬ ಮನುಷ್ಯ ಕೋರ್ಟಿಗೆ ಬಂದು, ಇವಳು ಕರೆದಾಗ ಬರುತ್ತಾಳೆ, ನಾನು ಹೊಣೆ ಅಂತ ಸಹಿ ಹಾಕಬೇಕು. ಅಷ್ಟೇ.

ಈಗ ಹೇಳಿ, ನಿಮ್ಮ ಮನೆಯ ಉತಾರ ಯಾರ ಹೆಸರಲ್ಲಿದೆ? ಮಾವನ ಹೆಸರಲ್ಲಿ, ಗಂಡನ ಹೆಸರಲ್ಲಿ, ತವರಿನಲ್ಲಾದರೆ ಅಣ್ಣಂದಿರ ಹೆಸರಲ್ಲಿ. ಗಂಡಸು ಒಳಗೆ ಹೋದರೆ ಹೆಂಡತಿ ತಾಳಿ ಅಡವಿಡುತ್ತಾಳೆ, ಅಪ್ಪ ಉತಾರ ಹಿಡಿದು ಓಡಿ ಬರುತ್ತಾನೆ. ಹೆಂಗಸು ಒಳಗೆ ಹೋದರೆ ಗಂಡನ ಮನೆಯವರು "ಮರ್ಯಾದಿ ಕಳದ್ಲು" ಅಂತಾರೆ, ತವರಿನವರು "ಕೊಟ್ಟ ಹೆಣ್ಣು, ಅವರೇ ನೋಡ್ಕೋಬೇಕು" ಅಂತಾರೆ.

ಗದಗ ಕಡೆಯ ಒಬ್ಬಳು ನೆನಪಾಗುತ್ತಾಳೆ. ಮನೆಗೆಲಸಕ್ಕೆ ಹೋಗುತ್ತಿದ್ದವಳು, ಬಂಗಾರ ಕದ್ದಳು ಅಂತ ಕೇಸು. ಹದಿನೈದು ದಿನದೊಳಗೆ ಜಾಮೀನು ಆಯಿತು. ನನಗೆ ಖುಷಿ, ಮುಗಿಯಿತು ಅಂದುಕೊಂಡೆ. ಅವಳು ಹೊರಗೆ ಬಂದದ್ದು ಮತ್ತೆ ಮೂರು ತಿಂಗಳ ಮೇಲೆ. ಗಂಡ ಫೋನ್ ಎತ್ತಲಿಲ್ಲ. ಅಣ್ಣ ಬರುತ್ತೇನೆ ಅಂದ, ಆದರೆ ಉತಾರ ಜಂಟಿಯಾಗಿತ್ತು, ಅವನ ಹೆಂಡತಿ ಬಿಡಲಿಲ್ಲ. ಕೊನೆಗೆ ಬಂದವಳು ಅವಳ ಓಣಿಯಲ್ಲೇ ಕಾಯಿಪಲ್ಲೆ ಮಾರುವ ಒಬ್ಬ ವಿಧವೆ. ಗಂಡ ಸತ್ತ ಮೇಲೆ ಮನೆ ಅವಳ ಹೆಸರಿಗೆ ಆಗಿತ್ತು, ಪಂಚಾಯಿತಿಯ ನಮೂನೆ 9, 11 ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟುಕೊಂಡು ಬಂದಳು. ಕಟಕಟೆ ಹತ್ತಿ "ಈಕಿ ನನ್ನ ಮನ್ಯಾಗ ಉಂಡಾಕಿ, ಓಡಿ ಹೋಗೂದಿಲ್ರೀ ಸಾಹೇಬ್ರ" ಅಂದಳು. ಸಾಹೇಬರು ನಕ್ಕು ಸಹಿ ಹಾಕಿದರು. ಅಷ್ಟು ದಿನ ನಾನು ಬರೆದ ಅರ್ಜಿಗಳಿಗಿಂತ ಆ ಚೀಲಕ್ಕೆ ಬೆಲೆ ಜಾಸ್ತಿ ಇತ್ತು. ಆ ಕಳ್ಳತನದ ಕೇಸು ಮುಂದೆ ಖುಲಾಸೆಯೂ ಆಯಿತು.

ಜಾಮೀನುದಾರ ಸಿಗದಿದ್ದರೆ ದಾರಿಯೇ ಇಲ್ವಾ?

ಇದೆ. 1978ರಲ್ಲೇ ಮೋತಿರಾಮ್ ಅನ್ನುವ ಗೌಂಡಿಯ ಕೇಸಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಬಿಡಿಸಿ ಹೇಳಿದ್ದಾರೆ. ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿ, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಿರಲಿಲ್ಲ. ಬಡವನಿಗೆ ಹೀಗೆ ಮಾಡಬಾರದು ಅಂತ ಸುಪ್ರೀಂ ಕೋರ್ಟ್ ಅವನನ್ನು 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಟ್ಟಿತು. ಮುಂದೆ 1986ರಲ್ಲಿ ಮಹಿಳಾ ಕೈದಿಗಳ ಬಗ್ಗೆ ಸರ್ಕಾರ ಮಾಡಿದ ಸಮಿತಿಗೂ ಇದೇ ಕೃಷ್ಣ ಅಯ್ಯರ್ ಅಧ್ಯಕ್ಷರು.

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಖಚಿತವಾಗಿ ಹೇಳಿತು. ಜಾಮೀನು ಆಗಿ ಏಳು ದಿನವಾದರೂ ಹೊರಗೆ ಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಷರತ್ತು ಸಡಿಲಿಸಬಹುದಾ ಅಂತ ಕೋರ್ಟು ತಾನೇ ನೋಡಬಹುದು. ನೀವು ಮಾಡಬೇಕಾದದ್ದು ಇಷ್ಟೇ, ವಕೀಲರಿಗೆ ಷರತ್ತು ಸಡಿಲಿಕೆಗೆ ಅರ್ಜಿ ಹಾಕಿ ಅನ್ನಿ, ಈ ತೀರ್ಪು ಇದೆ ಅಂತ ನೆನಪಿಸಿ. ವಕೀಲರಿಗೆ ನೆನಪಿಸುವುದು ತಪ್ಪಲ್ಲ, ನಮಗೂ ಮರೆವು ಇರುತ್ತದೆ.

ಕೇಂದ್ರ ಸರ್ಕಾರದ ಬಡ ಕೈದಿಗಳ ನೆರವಿನ ಯೋಜನೆಯೂ 2023ರಿಂದ ಇದೆ. ಶುರುವಾದಾಗ ಜಾಮೀನಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದೆ ಉಳಿದ ಶಿಕ್ಷೆಯ ಕೈದಿಗಳಿಗೆ 25,000ದವರೆಗೆ ಅಂತ ಇತ್ತು. ಗಾಂಜಾದಂಥ ಎನ್‌ಡಿಪಿಎಸ್ ಕೇಸಿಗೆ ಸಿಗುವುದಿಲ್ಲ.

ಕೋರ್ಟಿನ ಗೇಟಿನ ಹತ್ತಿರ "ಜಾಮೀನು ಕೊಡಸ್ತೀವಿ, ಇಷ್ಟು ಕೊಡ್ರಿ" ಅನ್ನುವವರು ನಿಂತಿರುತ್ತಾರೆ. ಅವರ ಹತ್ತಿರ ಹೋಗಲೇಬೇಡಿ. ಕಾಗದ ನಕಲಿ ಅಂತ ಗೊತ್ತಾದರೆ ಜಾಮೀನೂ ಹೋಯಿತು, ಹೊಸ ಕೇಸೂ ಬಂತು.

ವಕೀಲರಿಗೆ ದುಡ್ಡಿಲ್ಲ. ಏನು ಮಾಡೋದು?

ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ. ಆದಾಯ ಎಷ್ಟೇ ಇರಲಿ, ಜಾತಿ ಯಾವುದೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಹಕ್ಕು ಅದು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲಾ ಕೋರ್ಟಿನಲ್ಲಿ ಪ್ರಾಧಿಕಾರದ ಕಚೇರಿ ಇದೆ. 15100ಕ್ಕೆ ಫೋನ್ ಮಾಡಿದರೂ ಆಯಿತು. ಮೇಲ್ಮನವಿಗೆ ಬೆಂಗಳೂರಿಗೆ ಹೋಗಬೇಕಿಲ್ಲ, 2008ರಿಂದ ಹೈಕೋರ್ಟ್ ಪೀಠ ಧಾರವಾಡದಲ್ಲೇ ಇದೆ, ಅದು ಕಾಯಂ ಆದದ್ದು 2013ರಲ್ಲಿ.

"ಪುಕ್ಕಟೆ ವಕೀಲರು ಕೆಲಸ ಮಾಡಂಗಿಲ್ಲ" ಅನ್ನುತ್ತೀರಿ. ಎಲ್ಲರೂ ಹಾಗಲ್ಲ. ಮಾಡದಿದ್ದರೆ ಬದಲಾಯಿಸಿ ಕೊಡಿ ಅಂತ ಅದೇ ಕಚೇರಿಗೆ ಬರೆದು ಕೊಡಿ.

ತಾಯಿ ಜೈಲಿಗೆ ಹೋದರೆ ಮಕ್ಕಳ ಗತಿ ಏನು?

ಆರು ವರ್ಷದವರೆಗೆ ತಾಯಿಯ ಜೊತೆ ಒಳಗೇ ಇರಬಹುದು. 2022ರ ಲೆಕ್ಕದಲ್ಲಿ 1,537 ತಾಯಂದಿರ ಜೊತೆ 1,764 ಮಕ್ಕಳು ಜೈಲಿನಲ್ಲಿದ್ದರು. ಹೆರಿಗೆಯನ್ನು ಆದಷ್ಟೂ ಹೊರಗಿನ ಆಸ್ಪತ್ರೆಯಲ್ಲಿ ಮಾಡಿಸಬೇಕು. ಜೈಲಿನಲ್ಲೇ ಹುಟ್ಟಿದರೂ ಜನನ ಪತ್ರದಲ್ಲಿ ಜೈಲು ಅಂತ ಬರೆಯುವ ಹಾಗಿಲ್ಲ. ಇದೆಲ್ಲ 2006ರ ಆರ್.ಡಿ. ಉಪಾಧ್ಯಾಯ ಕೇಸಿನ ತೀರ್ಪಿನಲ್ಲಿ ಬಂದದ್ದು.

ಆ ತೀರ್ಪಿನಲ್ಲಿ ಒಂದು ಮಾತು ಓದಿ ನಾನು ಪುಸ್ತಕ ಮುಚ್ಚಿಟ್ಟಿದ್ದೆ. ಹೆಂಗಸರ ಬ್ಯಾರಕ್‌ನಲ್ಲೇ ಬೆಳೆದ ಗಂಡುಮಕ್ಕಳು ಹೆಣ್ಣುಮಕ್ಕಳ ಹಾಗೆ ಮಾತಾಡುತ್ತಾರಂತೆ. ಹಿಂದಿಯಲ್ಲಿ 'ನಾನು ಹೋಗುತ್ತೇನೆ' ಅನ್ನಲು ಗಂಡಿಗೊಂದು ರೂಪ, ಹೆಣ್ಣಿಗೊಂದು ರೂಪ. ಗಂಡಸರ ಮಾತೇ ಕಿವಿಗೆ ಬಿದ್ದಿರದ ಮಗು ತಾಯಿಯ ರೂಪವನ್ನೇ ಕಲಿಯುತ್ತದೆ. ಕನ್ನಡದಲ್ಲಿ 'ಹೋಗ್ತೀನಿ' ಎಲ್ಲರಿಗೂ ಒಂದೇ. ನಮ್ಮ ಮಕ್ಕಳಲ್ಲಿ ಇದು ಕಾಣಿಸುವುದೂ ಇಲ್ಲ.

ಆರು ತುಂಬಿದ ಮೇಲೆ ಸಂಬಂಧಿಕರ ಮನೆಗೆ, ಇಲ್ಲವೇ ಮಕ್ಕಳ ಪಾಲನಾ ಸಂಸ್ಥೆಗೆ. ಆರು ದಾಟಿದ ಮಕ್ಕಳನ್ನು ಹೊರಗೆ ಬಿಟ್ಟು ಬಂದ ತಾಯಂದಿರು ಈ 1,537ರ ಲೆಕ್ಕದಲ್ಲಿ ಬರುವುದೇ ಇಲ್ಲ. ಅವರೇ ಜಾಸ್ತಿ.

ಒಳಗೆ ಹೆಂಗಸರಿಗೆ ಬೇರೆ ಜೈಲು ಇರುತ್ತಾ?

ದೇಶದಲ್ಲಿ ಹೆಂಗಸರಿಗೇ ಅಂತ ಇರುವ ಜೈಲು 2022ರಲ್ಲಿ 34. ಉಳಿದ ಕಡೆ ಗಂಡಸರ ಜೈಲಿನ ಒಳಗೇ ಗೋಡೆ ಕಟ್ಟಿ ಮಾಡಿದ ಮಹಿಳಾ ವಿಭಾಗ. ಬಹುತೇಕ ಹೆಂಗಸರು ಇರುವುದು ಅಂಥ ಕಡೆಯೇ. ಗ್ರಂಥಾಲಯ, ಬೇಕರಿ, ಮೈದಾನ ಏನಿದ್ದರೂ ಗೋಡೆಯ ಆಚೆ. ಈಚೆ ಒಂದು ಅಂಗಳ, ಒಂದು ಬ್ಯಾರಕ್, ಬಹಳ ಅಂದರೆ ಎರಡು ಹೊಲಿಗೆ ಯಂತ್ರ. ಮುಟ್ಟಿನ ಪ್ಯಾಡ್ ಕೊಡಬೇಕು ಅಂತ 2016ರ ಮಾದರಿ ಜೈಲು ಕೈಪಿಡಿಯಲ್ಲಿದೆ. ಕೊಡದಿದ್ದರೆ ನ್ಯಾಯಾಧೀಶರು ಜೈಲಿಗೆ ಭೇಟಿ ಕೊಟ್ಟಾಗ ಬಾಯಿಬಿಟ್ಟು ಹೇಳಬೇಕು, ನಾಚಿಕೆ ಬೇಡ.

ನಮ್ಮ ಅಜ್ಜಿ ಕಾಲದಲ್ಲಿ ಹೆಣ್ಣುಮಕ್ಕಳು ಜೈಲು ಕಂಡಿರಲಿಲ್ಲ ಅಂತಾರೆ?

ಯಾರು ಅಂದದ್ದು? ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ 1932ರಲ್ಲಿ ಸ್ವಾತಂತ್ರ್ಯ ಚಳವಳಿಗಾಗಿ ಪುಣೆಯ ಯರವಡಾ ಜೈಲಿನಲ್ಲಿ ನಾಲ್ಕು ತಿಂಗಳು ಇದ್ದರು. ಒಳಗಿದ್ದಾಗಲೇ ಅವರ ಮಾವ ತೀರಿಕೊಂಡರು. ಸೊಸೆಯನ್ನು ಓದಿಸಿ ಚಳವಳಿಗೆ ಕಳಿಸಿದ ಮಾವ. ಹೊರಗೆ ಬರುವಷ್ಟರಲ್ಲಿ ಉಮಾಬಾಯಿ ನಡೆಸುತ್ತಿದ್ದ ತಿಲಕ ಕನ್ಯಾಶಾಲೆಗೆ ಸರ್ಕಾರ ಬೀಗ ಹಾಕಿತ್ತು.

ಇನ್ನೊಂದು ಕಥೆಯೂ ಇದೆ, ಅದನ್ನು ಯಾವ ಮೆರವಣಿಗೆಯಲ್ಲೂ ಹೇಳುವುದಿಲ್ಲ. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ 'ಸೆಟ್ಲಮೆಂಟ್' ಅಂತ ಈಗಲೂ ಕರೆಯುವ ಜಾಗಗಳಿವೆ. ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಂತ ಮಾಡಿ, ಹುಟ್ಟಿದ ಜಾತಿಯ ಕಾರಣಕ್ಕೇ ಇಡೀ ಕುಟುಂಬಗಳನ್ನು ತಂತಿಬೇಲಿಯೊಳಗೆ ಇಟ್ಟ ಜಾಗ ಅದು. ಹೆಂಗಸರು, ಕೂಸುಗಳು ಎಲ್ಲ ಸೇರಿ. ಹಾಜರಿ ಕೊಡಬೇಕಿತ್ತು, ಪಾಸ್ ಇಲ್ಲದೆ ಹೊರಗೆ ಹೋಗುವಂತಿರಲಿಲ್ಲ. 1952ರಲ್ಲಿ ಆ ಹಣೆಪಟ್ಟಿ ತೆಗೆದರು. ಆ ಹೆಂಗಸರು ಯಾವ ಜೈಲಿನ ಲೆಕ್ಕದಲ್ಲೂ ಇಲ್ಲ. ಹಳೇ ಕಾಲದಲ್ಲಿ ಮಹಿಳಾ ಕೈದಿಗಳು ಕಡಿಮೆ ಅನ್ನುವಾಗ ಇದನ್ನೂ ನೆನಪಿಡಿ.

ಕೊರೊನಾ ಕಾಲದಲ್ಲಿ ಬಿಟ್ಟರು ಅಂದ್ರಲ್ಲ, ಕಡಿಮೆ ಆಗಿಲ್ವಾ?

ಕೆಲವರನ್ನು ಬಿಟ್ಟರು. ಆದರೆ ಬಂಧನ ನಿಲ್ಲಲಿಲ್ಲ, ಕೋರ್ಟಿನ ವಿಚಾರಣೆ ನಿಂತಿತು. ಒಳಗೆ ಹೋಗುವ ಬಾಗಿಲು ತೆರೆದೇ ಇತ್ತು, ಹೊರಗೆ ಬರುವುದು ಮುಚ್ಚಿತ್ತು. 2020ರ ಕೊನೆಗೆ ಸುಮಾರು 20,000 ಇದ್ದ ಮಹಿಳಾ ಕೈದಿಗಳು ಒಂದೇ ವರ್ಷದಲ್ಲಿ 22,918 ಆದರು.

ಹೊರಗೆ ಬಂದ ಮೇಲೆ ಮನೆಯವರು ಸೇರಿಸಿಕೊಳ್ಳದಿದ್ದರೆ?

ಹಿಂದೆ ಸ್ವಾಧಾರ ಗೃಹ ಅನ್ನುತ್ತಿದ್ದುದನ್ನು ಈಗ ಶಕ್ತಿ ಸದನ ಅನ್ನುತ್ತಾರೆ. ಜೈಲಿನಿಂದ ಬಂದು ದಿಕ್ಕಿಲ್ಲದವರಿಗೂ ಅಲ್ಲಿ ಜಾಗ ಇದೆ. 181ಕ್ಕೆ ಫೋನ್ ಮಾಡಿ ಕೇಳಿ. ಉಮಾಬಾಯಿಯವರು ಬಿಡುಗಡೆ ಆದಾಗಲೂ ಇದೇ ಸಮಸ್ಯೆ. ಜೈಲಿನಿಂದ ಬಂದ ಚಳವಳಿಯ ಹೆಣ್ಣುಮಕ್ಕಳಿಗೆ ಹೋಗಲು ಜಾಗವಿರಲಿಲ್ಲ, ಊರಿಗೆ ಹೋಗಲು ದುಡ್ಡಿರಲಿಲ್ಲ. ತಮ್ಮ ಸಣ್ಣ ಮನೆಯಲ್ಲೇ ಅವರನ್ನು ಇಟ್ಟುಕೊಂಡರು. ದೇಶಕ್ಕಾಗಿ ಜೈಲಿಗೆ ಹೋದವರ ಪಾಡೇ ಹಾಗಿತ್ತು. ಬಂಗಾರ ಕದ್ದ ಆರೋಪ ಹೊತ್ತವಳನ್ನು ಯಾರು ಸೇರಿಸುತ್ತಾರೆ?

ಭೆಟ್ಟಿಗೆ ಹೋಗೋದು ಹೇಗೆ? ಏನು ತಗೊಂಡು ಹೋಗಬೇಕು?

ಆಧಾರ್ ಕಾರ್ಡ್ ಮೂಲಪ್ರತಿ ಮತ್ತು ಜೆರಾಕ್ಸ್ ಇಟ್ಟುಕೊಳ್ಳಿ. ಭೆಟ್ಟಿಯ ದಿನ, ಹೊತ್ತು ಆಯಾ ಜೈಲಿನಲ್ಲಿ ಮೊದಲೇ ವಿಚಾರಿಸಿ. ಇ-ಮುಲಾಕಾತ್ ಅಂತ ಆನ್‌ಲೈನ್‌ನಲ್ಲೂ ಹೆಸರು ಹಚ್ಚಬಹುದು, ವಿಡಿಯೋದಲ್ಲಿ ಮಾತಾಡಲೂ ಆಗುತ್ತದೆ. ಮನೆಯ ಊಟ, ಮೊಬೈಲ್ ಒಯ್ಯಬೇಡಿ, ಗೇಟಿನಲ್ಲೇ ತಡೆಯುತ್ತಾರೆ. ಬಟ್ಟೆ ಒಯ್ಯಬಹುದಾ ಅಂತ ಕೇಳಿಕೊಂಡು ಹೋಗಿ.

2023ರ ಜೂನ್‌ನಿಂದ ನಮ್ಮ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಅದಾದ ಮೇಲೆ ಧಾರವಾಡದ ಜೈಲಿನ ಗೇಟಿನ ಹತ್ತಿರ ಮುದುಕಿಯರು ಸ್ವಲ್ಪ ಜಾಸ್ತಿ ಕಾಣುತ್ತಾರೆ ಅಂತ ನನಗೆ ಅನಿಸುತ್ತದೆ. ಮಗಳನ್ನು ನೋಡಲು ಬರುವ ಅವ್ವಂದಿರು. ಗಂಡಂದಿರು ಬರುವುದು ಇವತ್ತಿಗೂ ಅಪರೂಪ. ಸೊಸೆಯೋ ಮಗಳೋ ಒಳಗಿದ್ದರೆ ಹೋಗುವಾಗ ಮಕ್ಕಳ ಒಂದು ಫೋಟೋ ಇಟ್ಟುಕೊಳ್ಳಿ, ಕೇಸಿನ ಮುಂದಿನ ತಾರೀಖು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಷ್ಟೋ ಜನಕ್ಕೆ ತಮ್ಮ ತಾರೀಖೇ ಗೊತ್ತಿರುವುದಿಲ್ಲ. ಮತ್ತೆ ಯಾವಾಗ ಬರುತ್ತೀರಿ ಅಂತ ಅವಳು ಕೇಳೇ ಕೇಳುತ್ತಾಳೆ. ಆಗುವ ದಿನವನ್ನೇ ಹೇಳಿ.